ಮಣ್ಣು ಮಾಡಲು ಜಾಗ ತಗೊಳ್ಳುವ ಮುಂಚೆ

ಹಿರಿಯರು ಇರುವಾಗಲೇ ಈ ಮಾತು ತೆಗೆದರೆ ಮನೆಯಲ್ಲಿ ಬೈಸಿಕೊಳ್ಳಬೇಕಾಗುತ್ತದೆ, ಗೊತ್ತು. ಆದರೂ ತೆಗೆಯಿರಿ. ಶವ ಒಯ್ಯುವ ವಿಮಾನ ಕಟ್ಟುವ ಹೊತ್ತಿಗೆ ಅಣ್ಣತಮ್ಮಂದಿರು "ನನ್ನ ಹೊಲದಾಗ ಬ್ಯಾಡ" ಅಂತ ಜಗಳಕ್ಕೆ ನಿಲ್ಲುವುದಕ್ಕಿಂತ ಇದು ವಾಸಿ.

ಹುಬ್ಬಳ್ಳಿ-ಧಾರವಾಡದಲ್ಲಿ ಸ್ಮಶಾನದ ಜಾಗ ಸೈಟಿನ ಹಾಗೆ ಮಾರಾಟಕ್ಕೆ ಸಿಗುವುದು ಕಡಿಮೆ. ರುದ್ರಭೂಮಿ ಪಾಲಿಕೆಯದೋ, ಪಂಚಾಯ್ತಿಯದೋ, ಸಮಾಜದ್ದೋ ಆಗಿರುತ್ತದೆ. ಕಬರಸ್ತಾನ ಜಮಾತಿನವರ ಕೈಯಲ್ಲಿ, ಕ್ರೈಸ್ತರದು ಚರ್ಚ್ ಕಮಿಟಿಯ ಕೈಯಲ್ಲಿ. ಅಲ್ಲಿ ಯಾರಾದರೂ "ಈ ಮೂಲೆ ನಿಮಗೇ ಇಡ್ತೀನಿ" ಅಂತ ರೊಕ್ಕ ಕೇಳಿದರೆ, ರಸೀದಿ ಯಾರ ಹೆಸರಲ್ಲಿ ಅಂತ ಮೊದಲು ಕೇಳಿ. ಕಲ್ಲಿನ ಕಟ್ಟೆ ಕಟ್ಟಲು ಬಿಡುತ್ತಾರಾ, ಅದೇ ಕುಣಿಯನ್ನು ಮುಂದೆ ಬೇರೆಯವರಿಗೂ ತೆಗೆಯುತ್ತಾರಾ, ಇದನ್ನೂ ಕೇಳಿಕೊಳ್ಳಿ.

ಬೇರೆಯವರ ಹೊಲದಲ್ಲಿ ಜಾಗ ಕೊಳ್ಳುವುದಾದರೆ ಉತಾರ, ಅಂದರೆ ಪಹಣಿ ತೆಗೆಸಿ. 11ನೇ ಕಾಲಂ ನೋಡಿ, ಬ್ಯಾಂಕಿನ ಸಾಲ ಇದ್ದರೆ ಅಲ್ಲೇ ಕಾಣುತ್ತದೆ. ಸರ್ವೇ ನಂಬರಿನ ತುಂಡು ಕೊಳ್ಳಲು 11ಇ ನಕ್ಷೆ (ಆ ತುಂಡನ್ನು ಅಳೆದು ತೋರಿಸುವ ಸರ್ವೇ ನಕ್ಷೆ) ಬೇಕೇ ಬೇಕು. ಸುಮ್ನೆ ಬಾಂಡ್ ಮೇಲೆ ಬರೆಸಿಕೊಂಡರೆ ಅದು ಖರೀದಿ ಅಲ್ಲ, ನೋಂದಣಿ ಆಗಬೇಕು. ಪಾಲಿಕೆ ಹದ್ದಿನೊಳಗೆ ಇದ್ದರಂತೂ ಸ್ವಂತ ಜಾಗವೇ ಆದರೂ ಅನುಮತಿ ಕೇಳದೆ ಮಣ್ಣು ಮಾಡಬೇಡಿ.

ಇನ್ನು ಮಣ್ಣು. ಇದನ್ನು ಜಾಸ್ತಿ ಜನ ನೋಡುವುದೇ ಇಲ್ಲ. ನವಲಗುಂದ, ಗದಗ ಕಡೆಯ ಎರಿ ಭೂಮಿ, ಅಂದರೆ ಕರಿ ಮಣ್ಣು, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಅವಸರದಲ್ಲಿ ಕಟ್ಟಿದ ಗದ್ದುಗೆ (ಸಮಾಧಿಯ ಕಟ್ಟೆ) ಒಂದು ಕಡೆ ವಾಲಿ, ಗ್ರಾನೈಟ್ ಹಾಸಿನ ಸಂದಿಯಲ್ಲಿ ಹುಲ್ಲು ಬೆಳೆದಿರುತ್ತದೆ. ಶ್ರಾವಣದ ಮಳೆಯಲ್ಲಿ ಲಿಂಗಾಯತರ ಪದ್ಧತಿಯಂತೆ ದೇಹವನ್ನು ಕೂರಿಸಲು ಆಳ ತೋಡಿ, ಒಳಗೆ ಗೂಡು ಕೊರೆಯುವ ಹೊತ್ತಿಗೆ ಗೋಡೆಯೇ ಕುಸಿಯಬಹುದು. ಮಸಾರಿ (ಕೆಂಪು ಮಣ್ಣಿನ) ಜಾಗ, ಸ್ವಲ್ಪ ದಿಬ್ಬ ಇದ್ದರೆ ಕಣ್ಣು ಮುಚ್ಚಿ ಅದನ್ನೇ ಆರಿಸಿ. ಎರಿಯೇ ಗತಿ ಅಂದರೆ ಒಂದು ಮಳೆಗಾಲ ಕಳೆದು ಮಣ್ಣು ಕೂತ ಮೇಲೆ ಕಟ್ಟೆ ಕಟ್ಟಿಸಿ. ಬೆಣ್ಣೆಹಳ್ಳದ ದಂಡೆ, ಬಾವಿ, ಬೋರ್‌ವೆಲ್ ಹತ್ತಿರ ಬೇಡವೇ ಬೇಡ.

ದಾರಿ? ಬೇಸಿಗೆಯಲ್ಲಿ ನೋಡಿದರೆ ಎಲ್ಲ ಹೊಲಕ್ಕೂ ದಾರಿ ಇದ್ದಂತೆಯೇ ಕಾಣುತ್ತದೆ. ಗೋವಿನಜೋಳ ಎದೆಮಟ್ಟ ನಿಂತಾಗ, ಕೆಸರಲ್ಲಿ ಟ್ರ್ಯಾಕ್ಟರೇ ಹೂತುಹೋಗುವಾಗ, ಪಕ್ಕದವರು ಬದುವಿನ ಮೇಲೆ ಹಾಯಲು ಬಿಡುತ್ತಾರಾ ನೋಡಿ. ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಇದೆಯಾ ಅಂತ ಭೂಮಾಪಕರ ಹತ್ತಿರ ಕೇಳಿದರೆ ತಿಳಿಯುತ್ತದೆ.

ಗಂಡ ಹೆಂಡತಿ ಇಬ್ಬರ ಗದ್ದುಗೆಗೂ ಜೋಡಿಯಾಗಿ ಜಾಗ ಬಿಡಿ. ಸ್ವಂತ ಹೊಲದಲ್ಲಾದರೆ ಆ ಜಾಗವನ್ನೂ ಅದಕ್ಕೆ ಹೋಗುವ ದಾರಿಯನ್ನೂ ವಾಟ್ನಿ ಪತ್ರದಲ್ಲಿ (ಪಾಲುಪತ್ರದಲ್ಲಿ) ಎಲ್ಲರ ಹೆಸರಿಗೆ ಬರೆಸಿ. ನಾಳೆ ಒಬ್ಬ ತನ್ನ ಪಾಲು ಮಾರಿದರೂ ಅಪ್ಪನ ಗದ್ದುಗೆಗೆ ಹೂ ಇಡಲು ಹೊಸ ಮಾಲೀಕರ ಅಪ್ಪಣೆ ಕೇಳುವ ಗತಿ ಬರಬಾರದು, ಅಲ್ವಾ?