ಕಾಸರಗೋಡಿನ ಕಡಲ ಬಂಡೆಗಳಲ್ಲಿ ಬಣ್ಣದ ಜೀವಿಗಳನ್ನು ನೋಡುವ ಬಗೆ

ಉಷ್ಣವಲಯದ ಸಮುದ್ರದ ಬಣ್ಣಬಣ್ಣದ, ವಿಚಿತ್ರ ರೂಪದ ಪ್ರಾಣಿಗಳನ್ನು ನೋಡಬೇಕಾದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯಲೇಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ, ಆದರೆ ಅದು ನಿಜವಲ್ಲ. ಕಾಸರಗೋಡು ಜಿಲ್ಲೆಯ ಕರಾವಳಿಯ ಬಹುಭಾಗ ಮರಳಿನದೇ ಆದರೂ, ಬೇಕಲ ಕೋಟೆಯ ಬುಡದಲ್ಲಿರುವಂತೆ ಅಲ್ಲಲ್ಲಿ ಬಂಡೆಗಳು ಕಡಲಿಗೆ ಚಾಚಿಕೊಂಡಿವೆ. ನೀರು ಇಳಿದಾಗ ಆ ಬಂಡೆಗಳ ತಗ್ಗುಗಳಲ್ಲಿ ಉಪ್ಪುನೀರು ನಿಂತು ಮೊಣಕಾಲು ಮುಳುಗದಷ್ಟು ಆಳದ ಹೊಂಡಗಳಾಗುತ್ತವೆ. ಕಡಲಿನ ಆಳದಲ್ಲಿ ಕೆಂಪು ಬಣ್ಣವೇ ಮೊದಲು ಮಾಸಿ ಬೂದುಬಣ್ಣವಾಗಿ ಕಾಣುತ್ತದೆ. ಅಂಗೈ ಆಳದ ಹೊಂಡದಲ್ಲಿ ಬಿಸಿಲು ನೇರವಾಗಿ ಬೀಳುವುದರಿಂದ ಪ್ರಾಣಿಯ ನಿಜವಾದ ಬಣ್ಣವೇ ಕಣ್ಣಿಗೆ ಬೀಳುತ್ತದೆ. ಈ ಹೊಂಡಗಳನ್ನು ನೋಡುವ ಕ್ರಮವನ್ನು, ಮಕ್ಕಳನ್ನು ಕರೆದುಕೊಂಡು ಹೋಗುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು, ಇಲ್ಲಿ ವಿವರಿಸುತ್ತೇನೆ.

ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ಇಳಿತದ ಹೊತ್ತು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಉಬ್ಬರ ಮತ್ತು ಇಳಿತದ ನಡುವಿನ ಅಂತರ 10 ಮೀಟರನ್ನೂ ಮೀರುವುದುಂಟು. ನಮ್ಮಲ್ಲಿ ಅದು ಒಂದೂವರೆ ಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದ್ದರಿಂದ ಬಂಡೆಯ ಕೆಳಗಿನ ಅಂಚು ತೆರೆದುಕೊಳ್ಳುವ ಅವಧಿ ಚಿಕ್ಕದು, ದಿನದ ಆಯ್ಕೆ ತಪ್ಪಿದರೆ ಬಹಳಷ್ಟು ಕೈತಪ್ಪುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಹಿಂದುಮುಂದಿನ ಎರಡು ಮೂರು ದಿನಗಳಲ್ಲಿ ನೀರು ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸಮಯದಲ್ಲಿ ಹೋಗಿ ಪ್ರಯೋಜನವಿಲ್ಲ. ದಿನಕ್ಕೆ ಎರಡು ಇಳಿತಗಳಿದ್ದರೂ ಪಶ್ಚಿಮ ಕರಾವಳಿಯಲ್ಲಿ ಅವೆರಡೂ ಸಮಾನವಲ್ಲ, ಒಂದು ಇನ್ನೊಂದಕ್ಕಿಂತ ಕೆಳಗಿಳಿಯುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಉಬ್ಬರವಿಳಿತದ ಕೋಷ್ಟಕದಲ್ಲೋ ಮೊಬೈಲಿನ ಆ್ಯಪಿನಲ್ಲೋ ಹತ್ತಿರದ ಬಂದರಿನ ಅಂಕಿಗಳನ್ನು ನೋಡಿ, ಹಗಲಿನಲ್ಲಿ ಬರುವ ತಗ್ಗಿನ ಇಳಿತವನ್ನು ಆರಿಸಿಕೊಳ್ಳಬೇಕು. ಇಳಿತದ ಹೊತ್ತು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಮರುದಿನದ ಲೆಕ್ಕ ಸುಲಭವಾಗುತ್ತದೆ. ನೀರು ಪೂರ್ತಿ ಇಳಿಯುವುದಕ್ಕೆ ಒಂದೂವರೆ ಗಂಟೆ ಮೊದಲೇ ಬಂಡೆಯ ಮೇಲಿದ್ದು, ಇಳಿಯುವ ನೀರನ್ನು ಹಿಂಬಾಲಿಸುತ್ತಾ ಕೆಳಗೆ ಹೋಗುವುದು ಸರಿಯಾದ ಕ್ರಮ. ನೀರು ತಿರುಗಿತೆಂದು ಗೊತ್ತಾದ ಕೂಡಲೇ ಮೇಲೆ ಬರಬೇಕು.

ಪತ್ತನಾಜೆ (ಮೇ ಕೊನೆಯ ವಾರದ ಆಸುಪಾಸಿನಲ್ಲಿ ಬರುವ ತುಳುವರ ಆಚರಣೆಯ ದಿನ) ಕಳೆದ ಮೇಲೆ ಮಳೆಗಾಲ ಮುಗಿಯುವವರೆಗೆ ಈ ಬಂಡೆಗಳ ಹತ್ತಿರ ಸುಳಿಯಲೇಬಾರದು. ದೀಪಾವಳಿಯಿಂದ ಶಿವರಾತ್ರಿಯವರೆಗಿನ ತಿಂಗಳುಗಳಲ್ಲಿ ಕಡಲು ಶಾಂತವಾಗಿರುತ್ತದೆ, ನೀರೂ ತಿಳಿಯಾಗಿರುತ್ತದೆ. ಅನಂತರದ ಬೇಸಗೆಯಲ್ಲಿ ಗಾಳಿಯೇ ಇಲ್ಲದ ದಿನವೂ ದಕ್ಷಿಣ ಮಹಾಸಾಗರದ ದೂರದ ಬಿರುಗಾಳಿಗಳಿಂದ ಹುಟ್ಟಿದ ದೊಡ್ಡ ಅಲೆಗಳು ಏಕಾಏಕಿ ದಡಕ್ಕೆ ನುಗ್ಗುವುದುಂಟು. ಕೇರಳದ ಕರಾವಳಿಯಲ್ಲಿ ಕಳ್ಳಕ್ಕಡಲ್ ಎಂದು ಎಲ್ಲರೂ ಬಲ್ಲ ಈ ಅಪಾಯದ ಮುನ್ನೆಚ್ಚರಿಕೆಯನ್ನು ಹೈದರಾಬಾದಿನ ಇನ್‌ಕಾಯಿಸ್ ಎಂಬ ಕಡಲ ಮಾಹಿತಿ ಸಂಸ್ಥೆ ಪ್ರಕಟಿಸುತ್ತದೆ. ಹೊರಡುವ ದಿನ ಬೆಳಿಗ್ಗೆ ಅದನ್ನು ತಪ್ಪದೆ ನೋಡಬೇಕು. ಬಂಡೆಯ ಮೇಲೆ ಕಲ್ಲುಮ್ಮಕಾಯಿ ಎಂಬ ತಿನ್ನುವ ಚಿಪ್ಪುಜೀವಿಯನ್ನು ಕೀಳುವವರು ಸಿಕ್ಕಿದರೆ ಅವರ ಮಾತಿಗೆ ಕೋಷ್ಟಕಕ್ಕಿಂತ ಹೆಚ್ಚು ಬೆಲೆ ಕೊಡಿ. ಯಾವ ಮೂಲೆಯಲ್ಲಿ ನೀರು ಹಿಂದಿನಿಂದ ಬಂದು ಸುತ್ತುವರಿಯುತ್ತದೆ ಎಂಬುದು ಅವರಿಗೆ ತಿಳಿದಿರುತ್ತದೆ.

ಸಲಕರಣೆ ಹೆಚ್ಚೇನೂ ಬೇಡ. ಕಾಲಿಗೆ ಭದ್ರವಾಗಿ ಕಟ್ಟುವ, ಜಾರದ ಅಡಿಯ ರಬ್ಬರ್ ಪಾದರಕ್ಷೆ ಮಾತ್ರ ಅನಿವಾರ್ಯ. ಬಂಡೆಗೆ ಅಂಟಿಕೊಂಡಿರುವ ಬಾರ್ನಕಲ್ ಎಂಬ ಗಟ್ಟಿ ಕವಚದ ಜೀವಿಗಳ ಮತ್ತು ಚಿಪ್ಪುಗಳ ಅಂಚು ಬರಿಗಾಲನ್ನು ಸೀಳಿಬಿಡುತ್ತದೆ. ಹಸಿರು ಪಾಚಿಯ ಮೇಲೆ ಕಾಲಿಡದೆ ಒಣಗಿದ ಬರಿಗಲ್ಲಿನ ಮೇಲೆಯೇ ನಡೆಯಬೇಕು, ಇದರಿಂದ ನಿಮ್ಮ ಕಾಲೂ ಪಾಚಿಯಲ್ಲಿ ಅಡಗಿದ ಜೀವಿಗಳೂ ಉಳಿಯುತ್ತವೆ. ತಲೆಗೆ ಟೊಪ್ಪಿಯೋ ಮುಟ್ಟಾಳೆಯೋ ಇರಲಿ. ಕಪ್ಪು ಕೊಡೆಯೊಂದನ್ನು ಮಾತ್ರ ಮರೆಯಬೇಡಿ, ಏಕೆಂದರೆ ನೀರಿನ ಮೇಲೆ ಆಕಾಶದ ಪ್ರತಿಫಲನ ಇರುವವರೆಗೆ ಹೊಂಡದೊಳಗೆ ಏನೂ ಕಾಣುವುದಿಲ್ಲ. ಕೊಡೆ ಬಿಡಿಸಿ ಹೊಂಡದ ಒಂದು ಬದಿಗೆ ಓರೆಯಾಗಿ ಹಿಡಿದರೆ ತಳದ ಒಂದೊಂದು ಮರಳಕಣವೂ ಸ್ಪಷ್ಟವಾಗುತ್ತದೆ. ಸರಿದಾಡುವ ನೆರಳಿಗೆ ಪ್ರಾಣಿಗಳು ಬೆದರಿ ಅಡಗುತ್ತವೆ, ಅಲ್ಲಾಡದ ನೆರಳಿಗೆ ಬಹುಬೇಗ ಹೊಂದಿಕೊಳ್ಳುತ್ತವೆ.

ಇಲ್ಲಿಯೇ ಇಡೀ ವಿಷಯದ ಮರ್ಮವಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಂಡೆಯಿಂದ ಬಂಡೆಗೆ ಹಾರುತ್ತಾ ಇಪ್ಪತ್ತು ಹೊಂಡಗಳನ್ನು ಇಣುಕಿದವರಿಗೆ ಕಾಣುವುದು ಖಾಲಿ ನೀರು. ಕೆಳಗಿನ ಅಂಚಿನ ಒಂದೇ ಒಂದು ಒಳ್ಳೆಯ ಹೊಂಡವನ್ನು ಆರಿಸಿಕೊಂಡು ಅದರ ಪಕ್ಕದಲ್ಲಿ ಅರ್ಧ ಗಂಟೆ ಅಲುಗಾಡದೆ ಕುಳಿತವರಿಗೆ ಎಲ್ಲವೂ ಕಾಣುತ್ತದೆ. ಮೊದಲ ಐದು ನಿಮಿಷ ಏನೂ ಇಲ್ಲವೆಂದೇ ಅನ್ನಿಸುತ್ತದೆ. ಆಮೇಲೆ ಕಲ್ಲೆಂದುಕೊಂಡದ್ದು ನಡೆಯತೊಡಗುತ್ತದೆ. ಯಾವ ಚಿಪ್ಪು ಅಲುಗುತ್ತಿದೆ, ಯಾವುದು ಅಲುಗುತ್ತಿಲ್ಲ ಎಂಬುದನ್ನು ಗಮನಿಸುವುದು ಮೊದಲ ಪಾಠ: ಶಂಖದ ಹುಳು ತೆವಳಿದರೆ ಚಿಪ್ಪು ನಯವಾಗಿ ಜಾರುತ್ತದೆ, ಒಳಗೆ ಸನ್ಯಾಸಿ ಏಡಿ ಇದ್ದರೆ ಚಿಪ್ಪು ತಡೆತಡೆದು ಕುಲುಕುತ್ತಾ ಸಾಗುತ್ತದೆ. ಈ ಏಡಿಯ ಹೊಟ್ಟೆಯ ಭಾಗಕ್ಕೆ ಗಟ್ಟಿ ಕವಚವಿಲ್ಲ, ಅದು ಒಂದು ಬದಿಗೆ ಸುರುಳಿಯಾಗಿ ಬಾಗಿರುವುದರಿಂದ ಸತ್ತ ಶಂಖದ ಚಿಪ್ಪಿನೊಳಗೆ ಸರಿಯಾಗಿ ಕೂರುತ್ತದೆ. ಬೆಳೆದಂತೆ ದೊಡ್ಡ ಚಿಪ್ಪು ಬೇಕು. ಹೊಸ ಚಿಪ್ಪು ಸಿಕ್ಕಿದಾಗ ಅದು ಇಕ್ಕುಳದಂಥ ಮುಂಗಾಲಿನಿಂದ ಚಿಪ್ಪಿನ ಬಾಯಿಯನ್ನೂ ಒಳಗನ್ನೂ ತಡವಿ ಅಳೆದು ನೋಡಿ, ಒಪ್ಪಿಗೆಯಾದರೆ ಕ್ಷಣಮಾತ್ರದಲ್ಲಿ ಹಳೆಯದನ್ನು ಬಿಟ್ಟು ಒಳಗೆ ಸೇರಿಕೊಳ್ಳುತ್ತದೆ. ದಡದಲ್ಲಿ ಬಿದ್ದ ಚೆಂದದ ಚಿಪ್ಪುಗಳನ್ನು ಮನೆಗೆ ಒಯ್ಯಬಾರದು ಎಂದು ಮಕ್ಕಳಿಗೆ ಹೇಳುವಾಗ ಈ ದೃಶ್ಯವನ್ನು ತೋರಿಸಿದರೆ ಬೇರೆ ಕಾರಣ ಕೊಡಬೇಕಾಗಿಲ್ಲ.

ಹೊಂಡದ ಗೋಡೆಯಲ್ಲಿ ಮುದ್ದೆಯಾಗಿ, ಮೈಗೆಲ್ಲ ಚಿಪ್ಪಿನ ಚೂರು ಮತ್ತು ಮರಳನ್ನು ಅಂಟಿಸಿಕೊಂಡು ಕುಳಿತಿರುವುದು ಕಡಲ ಹೂವು. ನೀರಿಲ್ಲದಾಗ ಅದು ತನ್ನ ಕುಡಿಗಳನ್ನೆಲ್ಲ ಒಳಗೆ ಎಳೆದುಕೊಂಡು ತೇವವನ್ನು ಕಾಪಾಡಿಕೊಳ್ಳುತ್ತದೆ, ನೀರಿನಡಿಯಲ್ಲಿ ಬಿಚ್ಚಿಕೊಂಡಾಗ ಮಾತ್ರ ಅದರ ಹಸಿರು, ಕಂದು, ನೇರಳೆ ಛಾಯೆಗಳು ಕಾಣಿಸುತ್ತವೆ. ಹೆಸರು ಹೂವಾದರೂ ಅದು ಬೇಟೆಗಾರ ಪ್ರಾಣಿ. ಕುಡಿಗಳ ತುಂಬ ಚುಚ್ಚುಕೋಶಗಳಿದ್ದು, ತಾಗಿದ ಸಣ್ಣ ಸಿಗಡಿಯನ್ನು ಮರಗಟ್ಟಿಸಿ ನಡುವಿನ ಬಾಯಿಗೆ ಸಾಗಿಸುತ್ತದೆ. ಮುಳ್ಳಿನ ಚೆಂಡಿನಂತಿರುವ ಸೀ ಅರ್ಚಿನ್‌ಗಳನ್ನು ಬಂಡೆಯ ಕುಳಿಗಳಲ್ಲಿ ಹುಡುಕಬೇಕು. ಅವುಗಳ ಮುಳ್ಳಿನ ನಡುವೆ ಎಳೆಯಷ್ಟು ತೆಳುವಾದ ನಳಿಕೆಗಾಲುಗಳು ಚಾಚಿಕೊಳ್ಳುವುದನ್ನು ಭೂತಗನ್ನಡಿಯಲ್ಲಿ ನೋಡಬಹುದು. ನಕ್ಷತ್ರಮೀನೂ ಇದೇ ವಂಶದ್ದು. ಅದರಲ್ಲಿ ರಕ್ತವಿಲ್ಲ, ಮೈಯೊಳಗಿನ ಕೊಳವೆಗಳಲ್ಲಿ ಹರಿಯುವ ನೀರಿನ ಒತ್ತಡದಿಂದಲೇ ಅದು ನಡೆಯುತ್ತದೆ.

ಇನ್ನು ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚುವ ಜೀವಿ, ನ್ಯೂಡಿಬ್ರಾಂಕ್ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳು. ಬಹಳಷ್ಟು ಜಾತಿಗಳು ಬೆರಳಿನ ಒಂದೆರಡು ಗೆಣ್ಣುಗಳಿಗಿಂತ ಉದ್ದವಿರುವುದಿಲ್ಲ. ಮರಿಯಾಗಿದ್ದಾಗ ಇರುವ ಚಿಪ್ಪನ್ನು ಬೆಳೆಯುವಾಗ ಕಳೆದುಕೊಳ್ಳುವ ಈ ಮೆತ್ತನೆಯ ಪ್ರಾಣಿ ನೀಲಿ, ಹಳದಿ, ಕೇಸರಿ ಬಣ್ಣಗಳನ್ನು ಹೊತ್ತು ಹಾಡಹಗಲಲ್ಲಿ ತೆವಳುವುದಕ್ಕೆ ಕಾರಣವಿದೆ. ಕೆಲವು ಜಾತಿಗಳು ತಾವು ತಿನ್ನುವ ಸ್ಪಂಜು ಎಂಬ, ಬಂಡೆಗೆ ಅಂಟಿ ಬೆಳೆಯುವ ಪ್ರಾಣಿಯ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಇನ್ನು ಕೆಲವು ಕಡಲ ಹೂವನ್ನೂ ಅದರ ನಂಟಿನ ಹೈಡ್ರಾಯ್ಡ್ ಎಂಬ ಸಣ್ಣ ಜೀವಿಗಳನ್ನೂ ತಿಂದು, ಅವುಗಳ ಚುಚ್ಚುಕೋಶಗಳನ್ನು ಸಿಡಿಯದಂತೆ ಜೀರ್ಣನಾಳದಿಂದ ಸಾಗಿಸಿ ತಮ್ಮ ಬೆನ್ನಿನ ಮೇಲಿನ ಕುಚ್ಚುಗಳ ತುದಿಯಲ್ಲಿ ಆಯುಧವಾಗಿ ಇಟ್ಟುಕೊಳ್ಳುತ್ತವೆ. ಆ ಬಣ್ಣ ಮೀನುಗಳಿಗೆ ಕೊಡುವ ಎಚ್ಚರಿಕೆ.

ಅದನ್ನು ಹುಡುಕುವ ದಾರಿ ಹೀಗಿದೆ. ಮೊದಲು ಅದರ ಆಹಾರವನ್ನು, ಎಂದರೆ ಬಂಡೆಯ ಚಾಚಿನ ಅಡಿಯಲ್ಲಿ ನೆರಳಿರುವ ಕಡೆ ಪದರವಾಗಿ ಹಬ್ಬಿದ ಸ್ಪಂಜನ್ನು ಗುರುತಿಸಬೇಕು. ಆ ಸ್ಪಂಜಿನ ಹತ್ತಿರ ಕಲ್ಲಿಗೆ ಅಂಟಿಕೊಂಡ, ಸುರುಳಿ ಸುತ್ತಿದ ತೆಳುವಾದ ಪಟ್ಟಿ ಕಂಡರೆ ಅದು ಅದರ ಮೊಟ್ಟೆಗಳ ಸರವಿರಬಹುದು, ಹುಳು ಅಲ್ಲೇ ಎಲ್ಲೋ ಇರುತ್ತದೆ. ನೀರಿನೊಳಗೆ ದಿಟ್ಟಿಸಿ ನೋಡಿದಾಗ ತಲೆಯ ಮೇಲೆ ಎರಡು ಕೊಂಬುಗಳು ಕಾಣುತ್ತವೆ; ಅವು ವಾಸನೆ ಹಿಡಿಯುವ ಅಂಗಗಳು. ಹಲವು ಜಾತಿಗಳಲ್ಲಿ ಬೆನ್ನಿನ ಹಿಂತುದಿಯಲ್ಲಿ ಗರಿಗರಿಯಾದ ಕಿವಿರುಗಳ ಗೊಂಚಲು ಅರಳಿರುತ್ತದೆ, ಬೆರಳು ತಾಗಿದರೆ ಅದು ತಟ್ಟನೆ ಒಳಸೇರುತ್ತದೆ. ನೀರಿನಿಂದ ಎತ್ತಿದರೆ ಇಡೀ ಪ್ರಾಣಿ ಆಕಾರವಿಲ್ಲದ ಲೋಳೆಯ ಮುದ್ದೆಯಾಗುತ್ತದೆ. ಆದ್ದರಿಂದ ಎತ್ತಬಾರದು.

ಕಲ್ಲು ಮಗುಚಿ ನೋಡುವುದು ಅನಿವಾರ್ಯವೆಂದು ತೋರಿದರೆ, ಒಂದು ಕೈಯಲ್ಲಿ ಎತ್ತಬಹುದಾದ ಕಲ್ಲನ್ನು ಮಾತ್ರ ನಿಮ್ಮ ಕಡೆಗೆ ನಿಧಾನವಾಗಿ ಓರೆಮಾಡಿ, ನೋಡಿ, ಇದ್ದ ಹಾಗೆಯೇ ಇಳಿಸಬೇಕು. ಅಡಿಯಲ್ಲಿ ನೆರಳಿಗೆ ಒಗ್ಗಿದ ಜೀವಿಗಳು ಬಿಸಿಲಿಗೆ ಸಾಯುತ್ತವೆ, ಮೇಲಿನ ಪಾಚಿ ಅಡಿಯಾದರೆ ಕೊಳೆಯುತ್ತದೆ. ಕಡಲ ಸೌತೆ ಎಂಬ, ಸೌತೆಕಾಯಿಯ ಆಕಾರದ ಮೆತ್ತನೆಯ ಪ್ರಾಣಿಯನ್ನು ಕೆಣಕಿದರೆ ಕೆಲವು ಜಾತಿಗಳು ತಮ್ಮ ಕರುಳನ್ನೇ ಹೊರಚೆಲ್ಲುತ್ತವೆ. ಅದು ಮತ್ತೆ ಬೆಳೆಯುತ್ತದೆಯಾದರೂ ಅದಕ್ಕೆ ಬಹಳ ಕಾಲ ಹಿಡಿಯುತ್ತದೆ. ಕಡಲ ಸೌತೆ, ಹವಳ, ಕಡಲ ಕುದುರೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ.

ಮುಟ್ಟಲೇಬಾರದ ಕೆಲವನ್ನು ಚೆನ್ನಾಗಿ ಗುರುತಿಟ್ಟುಕೊಳ್ಳಿ. ಕೋನ್ ಶಂಖವು ಒಂದು ತುದಿಗೆ ಸಪುರವಾಗುತ್ತಾ ಹೋಗುವ, ಚಿತ್ತಾರದ ಅತಿ ಚೆಲುವಾದ ಚಿಪ್ಪು. ಒಳಗಿನ ಹುಳು ಟೊಳ್ಳಾದ ಹಲ್ಲನ್ನು ಈಟಿಯಾಗಿ ಚುಚ್ಚಿ ವಿಷ ಸೇರಿಸುತ್ತದೆ, ಅದರ ಕೆಲವು ದೊಡ್ಡ ಜಾತಿಗಳಿಂದ ಮನುಷ್ಯರು ಸತ್ತದ್ದೂ ಇದೆ. ಅಕ್ಟೋಪಸ್ ಅಡಗುವ ಬಿಲಗಳಿಗೆ ಕೈ ಹಾಕಬಾರದು. ಮಳೆಗಾಲದ ಆಸುಪಾಸಿನಲ್ಲಿ ಗಾಳಿ ದಡಕ್ಕೆ ತಳ್ಳುವ ನೀಲಿ ಜೀವಿಗಳಲ್ಲಿ ಚಪ್ಪಟೆ ನಾಣ್ಯದ ಆಕಾರದ ಪಾರ್ಪಿಟಾ ಹೆಚ್ಚು ಅಪಾಯದ್ದಲ್ಲ. ಆದರೆ ಗಾಳಿ ತುಂಬಿದ ನೀಲಿ ಚೀಲ ಮತ್ತು ಉದ್ದನೆಯ ಎಳೆಗಳಿರುವ ಪೋರ್ಚುಗೀಸ್ ಮ್ಯಾನ್ ಆಫ್ ವಾರ್ ಮರಳಿನ ಮೇಲೆ ಸತ್ತು ಬಿದ್ದಿದ್ದರೂ ಚುಚ್ಚುತ್ತದೆ. ಅದರ ಎಳೆ ತಾಗಿದರೆ ಮರಳಿನಿಂದ ಉಜ್ಜಬಾರದು, ಬಾವಿ ನೀರು ಸುರಿಯಬಾರದು. ಚಿಮಟಿಗೆಯಿಂದ ಎಳೆಯನ್ನು ತೆಗೆದು, ಕಡಲ ನೀರಿನಿಂದ ತೊಳೆದು, ತಾಳಿಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಆ ಭಾಗವನ್ನು ಇಟ್ಟುಕೊಂಡು, ಉಸಿರಾಟಕ್ಕೆ ತೊಂದರೆಯಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಬಂಡೆಯೇ ಇಲ್ಲದ ಊರಿನವರಿಗೂ ಅವಕಾಶವಿದೆ. ಮಂಜೇಶ್ವರ ಅಥವಾ ಚೆರುವತ್ತೂರಿನ ಮೀನುಗಾರಿಕಾ ಬಂದರಿನಲ್ಲಿ, ಇಲ್ಲವೇ ಕೈರಂಪಣಿ ಎಂಬ ದೊಡ್ಡ ಬಲೆಯನ್ನು ಎಳೆಯುವ ದಡದಲ್ಲಿ, ಬಲೆ ಬಿಡಿಸುವ ಮೊಗವೀರರ ಕೆಲಸಕ್ಕೆ ಅಡ್ಡಿಯಾಗದಂತೆ ನಿಂತು ಅನುಮತಿ ಕೇಳಿದರೆ, ಮಾರಾಟಕ್ಕೆ ಬಾರದೆ ಬದಿಗೆ ಬೀಳುವ ರಾಶಿಯನ್ನು ನೋಡಬಹುದು. ಅದರಲ್ಲಿ ಮ್ಯಾಂಟಿಸ್ ಸಿಗಡಿ ಸಿಕ್ಕಿದರೆ ಅದರ ಕಣ್ಣನ್ನು ಗಮನಿಸಿ: ಬಣ್ಣ ಗ್ರಹಿಸಲು ನಮ್ಮ ಕಣ್ಣಿನಲ್ಲಿ ಮೂರು ಬಗೆಯ ಕೋಶಗಳಿದ್ದರೆ ಇದರ ಹಲವು ಜಾತಿಗಳಲ್ಲಿ 12 ಬಗೆಗಳಿವೆ. ಬದುಕಿದ್ದರೆ ಬೆರಳು ಹತ್ತಿರ ಒಯ್ಯಬೇಡಿ.

ಹವಳದ ದಿಬ್ಬಗಳನ್ನೇ ನೋಡುವ ಆಸೆಯಿದ್ದವರು ಲಕ್ಷದ್ವೀಪಕ್ಕೆ ಹೋಗಬೇಕು. ಅಲ್ಲಿನ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ನಮ್ಮ ಕಾಸರಗೋಡಿನಂತೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಈಗ ಪ್ರವೇಶಕ್ಕೆ ಪರವಾನಗಿ ಬೇಕು, ಹಡಗು ಕೊಚ್ಚಿಯಿಂದ ಹೊರಡುತ್ತದೆ.

ಕೊನೆಯದಾಗಿ, ನೋಡಿದ್ದನ್ನು ಬರೆದಿಡುವ ಕೆಲಸ. ದಿನಾಂಕ, ಇಳಿತದ ಹೊತ್ತು, ಬಂಡೆಯ ಯಾವ ಅಂಚು, ಪ್ರಾಣಿ ಯಾವುದರ ಮೇಲೆ ಕುಳಿತಿತ್ತು ಎಂಬಿಷ್ಟನ್ನು ಅಲ್ಲೇ ಪೆನ್ಸಿಲಿನಲ್ಲಿ ಗುರುತಿಸಿಕೊಳ್ಳಿ. ಪೆನ್ನಿನ ಶಾಯಿ ಉಪ್ಪುನೀರಿಗೆ ಹರಡುತ್ತದೆ. ಚಿತ್ರ ತೆಗೆಯುವಾಗ ಫ್ಲ್ಯಾಶ್ ಬಳಸದೆ, ಕೊಡೆಯ ನೆರಳಿನಲ್ಲಿ, ಮೇಲಿನಿಂದ ಒಂದು ಮತ್ತು ಬದಿಯಿಂದ ಒಂದು ಚಿತ್ರವನ್ನಾದರೂ ತೆಗೆಯಬೇಕು. ನ್ಯೂಡಿಬ್ರಾಂಕ್ ಆಗಿದ್ದರೆ ತಲೆಯ ಕೊಂಬುಗಳೂ ಬೆನ್ನಿನ ಕಿವಿರೂ ಎರಡೂ ಸ್ಪಷ್ಟವಾಗಿರಲಿ; ಜೀವಿಗಳ ಚಿತ್ರಗಳನ್ನು ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿದಾಗ ತಿಳಿದವರು ಅವನ್ನು ನೋಡಿಯೇ ಜಾತಿಯನ್ನು ಗುರುತಿಸಲು ಯತ್ನಿಸುತ್ತಾರೆ.