ಮುನ್ನೂರು ರೂಪಾಯಿಯ ಏಳು ಸಂಜೆಗಳು

ಹನುಮಂತನಗರದಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿರುವ ಶಾಲೆಯ ಅಂಗಳದಲ್ಲಿ 2016ರಿಂದ, ಕೊರೊನಾದ ಎರಡು ವರ್ಷಗಳನ್ನು ಬಿಟ್ಟು, ರಾಮನವಮಿಯ ಹೊತ್ತಿಗೆ ಏಳು ಸಂಜೆಗಳ ಸಂಗೀತೋತ್ಸವವೊಂದನ್ನು ನಾವು ಆರು ಮಂದಿ ಗೆಳೆಯರು ನಡೆಸಿಕೊಂಡು ಬಂದಿದ್ದೇವೆ. ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ದುಡಿದವನೆಂಬ ಕಾರಣಕ್ಕೆ ಲೆಕ್ಕದ ಪುಸ್ತಕ ಮೊದಲ ದಿನದಿಂದಲೂ ನನ್ನ ಕೈಯಲ್ಲಿದೆ. ಏಳು ಕಚೇರಿಗಳಿಗೂ ಸೇರಿ ಟಿಕೆಟ್ಟಿನ ಬೆಲೆ 300 ರೂಪಾಯಿ. ಒಂದೇ ದಿನಕ್ಕೆ ಬರುವವರಿಗೆ 60. ಗೇಟಿನ ಬಳಿ ಮೇಜು ಹಾಕಿಕೊಂಡು ಕುಳಿತಾಗ ಪ್ರತಿವರ್ಷವೂ ಯಾರಾದರೊಬ್ಬರು ಟಿಕೆಟ್ಟನ್ನು ತಿರುಗಿಸಿ ನೋಡಿ, "ಇಷ್ಟು ಕಮ್ಮಿಗೆ ಕೊಡ್ತೀರಲ್ಲ ಸಾರ್, ಕೇಳೋ ಹಾಗಿರತ್ತಾ?" ಎನ್ನುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಒಂದು ವರ್ಷ ಅದಕ್ಕೆ ಇಲ್ಲವೆಂದೇ ಉತ್ತರ ಹೇಳಬೇಕಾಗಿತ್ತು, ಮತ್ತು ಆ ವರ್ಷದ ತಪ್ಪು ನನ್ನದು.

ಬೆಂಗಳೂರಿನವರಿಗೆ ಈ ಬಗೆಯ ಉತ್ಸವ ಹೊಸದಲ್ಲ. ಕೆ.ಆರ್. ರಸ್ತೆಯ ಗಾಯನ ಸಮಾಜ 1905ರಷ್ಟು ಹಿಂದಿನದು. ಚಾಮರಾಜಪೇಟೆಯಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಆರಂಭಿಸಿದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಬೇಸಿಗೆಯ ಎಷ್ಟೋ ಸಂಜೆಗಳನ್ನು ತುಂಬಿದೆ. ನಾನು ಕೇಳುವುದನ್ನು ಕಲಿತದ್ದೇ ಅಲ್ಲಿ, ತಂದೆಯವರ ಪಕ್ಕದಲ್ಲಿ ಕುಳಿತು. ನಮ್ಮಂಥ ಬಡಾವಣೆಯ ಉತ್ಸವಗಳು ಆ ದೊಡ್ಡ ಮರದ ಬಿಳಲುಗಳು. ಹೆಸರಾಂತ ವಿದ್ವಾಂಸರನ್ನು ಕರೆಸುವ ಶಕ್ತಿ ನಮಗಿಲ್ಲ. ಇಪ್ಪತ್ತೈದರಿಂದ ನಲವತ್ತರ ನಡುವಿನ, ಚೆನ್ನಾಗಿ ಪಾಠವಾಗಿರುವ, ಆದರೆ ಪೂರ್ಣ ಪ್ರಮಾಣದ ಕಚೇರಿಗೆ ಅವಕಾಶ ಸಾಲದಿರುವ ಕಲಾವಿದರನ್ನು ನಾವು ಕರೆಯುತ್ತೇವೆ.

2025ರ ಲೆಕ್ಕವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಬೆಲೆಯ ಮಾತು ಲೆಕ್ಕವಿಲ್ಲದೆ ಆಗುವುದಿಲ್ಲ. ಪ್ರತಿದಿನ ಮುಖ್ಯ ಕಲಾವಿದರಿಗೆ 12,000, ಪಿಟೀಲು ಮತ್ತು ಮೃದಂಗಕ್ಕೆ ತಲಾ 5,000, ಘಟ ಅಥವಾ ಖಂಜಿರಕ್ಕೆ 3,500 ರೂಪಾಯಿ ಸಂಭಾವನೆ ಕೊಟ್ಟೆವು. ಏಳು ದಿನಕ್ಕೆ ಅದು 1,78,500 ಆಯಿತು. ಮೈಕ್ ಸೆಟ್ಟಿಗೆ 42,000, ಶಾಮಿಯಾನ, ವೇದಿಕೆ, ಕುರ್ಚಿಗಳಿಗೆ 48,000, ಜನರೇಟರಿಗೆ 14,000, ಪಾನಕ, ಕೋಸಂಬರಿ, ಕಲಾವಿದರ ತಿಂಡಿ ಕಾಫಿ, ಓಡಾಟಕ್ಕೆ 21,000. ಒಟ್ಟು 3,03,500 ರೂಪಾಯಿ. ನಾವು ಹಾಕುವ ಕುರ್ಚಿಗಳು 220. ಹಂಚಿ ನೋಡಿದರೆ ಒಂದು ಕುರ್ಚಿಗೆ ಒಂದು ಸಂಜೆಗೆ 197 ರೂಪಾಯಿ ಬೀಳುತ್ತದೆ. ಪೂರ್ತಿ ಟಿಕೆಟ್ಟು ಕೊಂಡ ಕೇಳುಗರು ಕೊಡುವುದು 43. ಪೂರ್ತಿ ಉತ್ಸವದ 160 ಟಿಕೆಟ್ಟುಗಳು ಮತ್ತು ಬಿಡಿ ದಿನದ 200 ಟಿಕೆಟ್ಟುಗಳು ಮಾರಾಟವಾಗಿ ಕೈಗೆ ಬಂದದ್ದು 60,000. ಉಳಿದ 2,43,500 ರೂಪಾಯಿಯಲ್ಲಿ, ದಿನಕ್ಕೊಬ್ಬರಂತೆ ಏಳು ಸೇವಾಕರ್ತರು ತಲಾ 25,000 ಕೊಟ್ಟರು. ಮಿಕ್ಕದ್ದನ್ನು ಬಡಾವಣೆಯ ಸಣ್ಣ ಸಣ್ಣ ದೇಣಿಗೆಗಳು ಮತ್ತು ನಮ್ಮ ಆರು ಜನರ ಜೇಬು ತುಂಬಿಕೊಟ್ಟವು.

ಹೀಗಾಗಿ ಟಿಕೆಟ್ಟು ಅಗ್ಗವೆಂದರೆ ಕಚೇರಿ ಅಗ್ಗವೆಂದು ಅರ್ಥವಲ್ಲ. ಬೇರೆ ಯಾರೋ ಅದರ ಬೆಲೆ ತೆತ್ತಿದ್ದಾರೆ. ತೊಂದರೆ ಶುರುವಾಗುವುದು ಆ ಬೆಲೆಯನ್ನು ದಾನಿಗಳ ಬದಲು ಪಕ್ಕವಾದ್ಯದವರು ತೆರುವಂತಾದಾಗ, ಅಥವಾ ಕೇಳುಗರ ಕಿವಿ ತೆರುವಂತಾದಾಗ. 2018ರಲ್ಲಿ ನಾನು ಮಾಡಿದ್ದು ಅದನ್ನೇ. ಆಗ ಪೂರ್ತಿ ಟಿಕೆಟ್ಟಿಗೆ 200 ರೂಪಾಯಿ ಇಟ್ಟಿದ್ದೆವು. ಹಿಂದಿನ ಎರಡು ವರ್ಷ ಬಂದಿದ್ದ ಮೈಕಿನವರು ದಿನಕ್ಕೆ 4,500 ಕೇಳಿದರು. ಮದುವೆ, ಗಣೇಶೋತ್ಸವಗಳಿಗೆ ಮೈಕು ಕಟ್ಟುವ ಇನ್ನೊಬ್ಬರು 2,000ಕ್ಕೆ ಒಪ್ಪಿದರು. ಉಪಪಕ್ಕವಾದ್ಯ ಇಲ್ಲದಿದ್ದರೂ ಕಚೇರಿ ನಡೆಯುತ್ತದೆಂದು ಘಟವನ್ನೂ ಕೈಬಿಟ್ಟೆ. ಎರಡರಿಂದಲೂ ಸೇರಿ 35,000 ರೂಪಾಯಿ ಉಳಿಯಿತು. ಆ ಹಣ ವೇದಿಕೆಯ ಹೂವಿನ ಅಲಂಕಾರಕ್ಕೂ ರಸ್ತೆಯ ದೀಪದ ಕಮಾನಿಗೂ ಹೋಯಿತು, ಮತ್ತು ಉತ್ಸವ ಎಂದೂ ಇಲ್ಲದಷ್ಟು ಕಳೆಕಟ್ಟಿದೆಯೆಂದು ಮೊದಲ ದಿನ ಎಲ್ಲರೂ ಹೇಳಿದರು.

ಎರಡನೆಯ ದಿನ ಹಾಡಿದವರು ಒಬ್ಬ ಯುವತಿ. ಕಾಂಭೋಜಿ ರಾಗದ ಆಲಾಪನೆಯನ್ನು ಬಹಳ ನಿಧಾನವಾಗಿ, ಕೆಳಗಿನ ಷಡ್ಜದ ಸುತ್ತಮುತ್ತಲೇ ಹರಡುತ್ತಿದ್ದರು. ಮೈಕಿನವರು ಕಂಠಕ್ಕೆ ಮದುವೆಯ ಆರ್ಕೆಸ್ಟ್ರಾದಂತೆ ಎಕೋ ಬೆರೆಸಿದ್ದರಿಂದ ಒಂದು ಸ್ವರ ಮುಗಿಯುವ ಮೊದಲೇ ಹಿಂದಿನ ಸ್ವರ ಮರಳಿ ಬಂದು ಅದರ ಮೇಲೆ ಬೀಳುತ್ತಿತ್ತು, ಸ್ವರವನ್ನು ತೂಗಿ ಬಳುಕಿಸುವ ಗಮಕಗಳೆಲ್ಲ ಕಲಸಿಹೋದವು. ವೇದಿಕೆಯ ಮೇಲೆ ಕಲಾವಿದರತ್ತ ತಿರುಗಿಸಿಟ್ಟ ಮಾನಿಟರ್ ಸ್ಪೀಕರು ಇರಲಿಲ್ಲವಾಗಿ ಆಕೆಗೆ ತನ್ನ ದನಿಯೇ ಕೇಳಿಸದೆ ಮೈಕಿನ ಹತ್ತಿರ ಹತ್ತಿರಕ್ಕೆ ಬಾಗುತ್ತಿದ್ದರು, ಅವರು ಬಾಗಿದಷ್ಟೂ ಸ್ಪೀಕರು ಕೂಗುತ್ತಿತ್ತು. ಮೃದಂಗಕ್ಕೆ ಒಂದೇ ಮೈಕು, ಅದೂ ಬಲಗಡೆಗೆ. ತಾಳವಾದ್ಯ ಮಾತ್ರ ನುಡಿಯುವ ತನಿ ಆವರ್ತನ ಬಂದಾಗ ಎಡಗಡೆಯ ಗುಮ್ಕಿ, ಅಂದರೆ ಆ ತಗ್ಗಿನ ತುಂಬುನಾದ, ಐದನೆಯ ಸಾಲಿಗೂ ತಲುಪಲಿಲ್ಲ. ಒಣ ಮರ ತಟ್ಟಿದಂತೆ ಟಕಟಕ ಸದ್ದು ಮಾತ್ರ ಕೇಳುತ್ತಿತ್ತು. ಜನ ಏಳತೊಡಗಿದರು. ನಾಲ್ಕನೆಯ ಸಾಲಿನಲ್ಲಿ ಪ್ರತಿವರ್ಷ ಕೂರುವ, ಎಂಬತ್ತು ದಾಟಿದ ಅಮ್ಮನವರೊಬ್ಬರು ಗೇಟಿನ ಬಳಿ ನಿಂತು ನನ್ನ ಕೈ ಹಿಡಿದುಕೊಂಡು, "ಆ ಮಗು ಎಷ್ಟು ಚೆನ್ನಾಗಿ ಹಾಡ್ತಿತ್ತಪ್ಪ, ನೀವು ನಮಗೆ ಕೇಳಿಸಲೇ ಇಲ್ಲ" ಎಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 200 ರೂಪಾಯಿಯ ಟಿಕೆಟ್ಟು ಆ ವರ್ಷ ದುಬಾರಿಯಾಗಿತ್ತು.

ಮರುವರ್ಷದಿಂದ ಖರ್ಚಿನ ಕ್ರಮವನ್ನೇ ತಿರುಗಿಸಿದೆ. ಮೊದಲು ಕಲಾವಿದರ ಸಂಭಾವನೆ, ಅದರಲ್ಲೂ ಪಕ್ಕವಾದ್ಯದವರದು, ಬಳಿಕ ಧ್ವನಿ, ಇವೆರಡೂ ಗಟ್ಟಿಯಾದ ಮೇಲೆ ಮಿಕ್ಕಿದ್ದು. ಹೂವಿನ ಅಲಂಕಾರ ನಿಂತಿತು. ಬಡಾವಣೆಯ ಹೆಂಗಸರು ತಾವೇ ಕಟ್ಟಿ ತರುವ ಮಾಲೆಗಳು ರಾಮನ ಪಟಕ್ಕೂ ತಂಬೂರಿಗೂ ಸಾಕಾಗುತ್ತವೆ. ಶಾಲು, ಹಾರ, ಸ್ಮರಣಿಕೆಗಳನ್ನು ಕೈಬಿಟ್ಟು ಆ ಹಣವನ್ನು ಲಕೋಟೆಗೇ ಸೇರಿಸಿದೆವು. ಕಲಾವಿದರ ಮನೆಗಳಲ್ಲಿ ಸ್ಮರಣಿಕೆ ಇಡಲು ಜಾಗವಿಲ್ಲದಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಭಾಷಣವೂ ಹೋಯಿತು. ಸೇವಾಕರ್ತರ ಹೆಸರನ್ನು ಕಚೇರಿಗೆ ಮೊದಲು ಒಂದು ಸಲ ಓದುತ್ತೇವೆ, ಅಷ್ಟೇ. ದಾನಿಯೊಬ್ಬರು ಕಚೇರಿಯ ನಡುವೆ, ತನಿಯ ಹೊತ್ತಿಗೆ ಸರಿಯಾಗಿ, ತಮ್ಮನ್ನು ವೇದಿಕೆಗೆ ಕರೆದು ಸನ್ಮಾನಿಸಬೇಕೆಂದು ಪಟ್ಟು ಹಿಡಿದಾಗ ಅವರ 25,000ವನ್ನು ಬಿಟ್ಟುಕೊಟ್ಟೆವು. ಆ ವರ್ಷ ಕೈ ಬಹಳ ಬಿಗಿಯಾಯಿತು, ಆದರೂ ಇಂದಿಗೂ ಅದು ಸರಿಯೆಂದೇ ನನ್ನ ಅಭಿಪ್ರಾಯ.

ಧ್ವನಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸಣ್ಣ ಉತ್ಸವಗಳು ಬಹುಪಾಲು ಸೋಲುವುದು ಇಲ್ಲಿಯೇ. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿಗೂ ನಾದ ತಲುಪಬೇಕೆಂದು ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹೂಡಿಸಿದರು. ವೈಯಾಲಿಕಾವಲಿನಲ್ಲಿ ಅವರ ಹೆಸರಿನ ಭವನವನ್ನು ಪಿಟೀಲಿನ ಆಕಾರದಲ್ಲಿಯೇ ಕಟ್ಟಲಾಗಿದೆ. ಕೇಳುಗನ ಕಿವಿಗಾಗಿ ವಾದ್ಯವನ್ನೇ ಬದಲಿಸಿದ ನಾಡಿನಲ್ಲಿ ನಾವು ಮೈಕಿಗೆ ಜಿಪುಣತನ ತೋರುವುದು ತರವಲ್ಲ. ಈಗ ನಮ್ಮಲ್ಲಿ ಮೃದಂಗಕ್ಕೆ ಎಡಕ್ಕೊಂದು ಬಲಕ್ಕೊಂದು ಮೈಕು, ಘಟಕ್ಕೆ ಬೇರೆ, ಕಲಾವಿದರ ಎದುರಿಗೆ ಎರಡು ಮಾನಿಟರುಗಳು ಇರುತ್ತವೆ. ಎಕೋ ಗುಂಡಿಯನ್ನು ಮುಟ್ಟಬಾರದೆಂಬುದು ಮೊದಲ ಕರಾರು. ಕಚೇರಿ ಆರೂವರೆಗೆ; ಐದೂಕಾಲಿಗೇ ತಂಬೂರಿಯೊಂದಿಗೆ ಧ್ವನಿ ಹೊಂದಿಸುತ್ತೇವೆ, ಮತ್ತು ಆಗ ನಮ್ಮಲ್ಲೊಬ್ಬರು ಕೊನೆಯ ಸಾಲಿನಲ್ಲಿ ಕಡ್ಡಾಯವಾಗಿ ಕುಳಿತಿರುತ್ತಾರೆ. ಮಿಕ್ಸರಿನ ಮುಂದೆ ಕೂರುವ ಹುಡುಗ ಬುದ್ಧಿವಂತ, ಆದರೆ ಶಾಸ್ತ್ರೀಯ ಸಂಗೀತ ಕೇಳಿ ಗೊತ್ತಿರಲಿಲ್ಲ. ನಮ್ಮ ಬಡಾವಣೆಯ ಮೃದಂಗದ ಮೇಷ್ಟರ ಪಾಠಕ್ಕೆ ಅವನನ್ನು ನಾಲ್ಕು ಭಾನುವಾರ ಕರೆದುಕೊಂಡು ಹೋಗಿ ಸುಮ್ಮನೆ ಕೂರಿಸಿದೆ. ಮುಂದಿನ ಉತ್ಸವದಲ್ಲಿ, ಗಾಯಕರು ಸ್ವರಪ್ರಸ್ತಾರದ ಕೊನೆಯ ಸುತ್ತಿಗೆ ಬರುತ್ತಿದ್ದಂತೆ ಮೃದಂಗದ ಮೈಕನ್ನು ಅವನು ತಾನಾಗಿಯೇ ಒಂದಿಷ್ಟು ಮೇಲೆತ್ತಿದ್ದನ್ನು ನೋಡಿದೆ. "ಈಗ ತನಿ ಕೊಡ್ತಾರೆ ಅಲ್ವಾ ಅಂಕಲ್?" ಎಂದ. ಆ ಒಂದು ಮಾತಿಗೆ ನಾನು ಖರ್ಚು ಮಾಡಿದ ನಾಲ್ಕು ಭಾನುವಾರಗಳೂ ಸಾರ್ಥಕವಾದವು.

ಪಕ್ಕವಾದ್ಯದವರ ಶ್ರಮ ಎಂಥದ್ದೆಂಬುದು ವೇದಿಕೆಯ ಹಿಂದೆ ನಿಂತವರಿಗೆ ಮಾತ್ರ ತಿಳಿಯುತ್ತದೆ. ಐದು ಗಂಟೆಗೆ ಬಂದ ಮೃದಂಗದವರು ಶಾಲೆಯ ಜಗಲಿಯ ಮೇಲೆ ಕುಳಿತು, ಪುಟ್ಟ ಡಬ್ಬಿಯಿಂದ ರವೆ ತೆಗೆದು, ಅಂಗೈಯಲ್ಲಿ ನೀರು ಬೆರೆಸಿ ನಾದಿ, ಮುದ್ದೆ ಹದಕ್ಕೆ ಬಂದ ಮೇಲೆ ಎಡಮೈಯ ನಡುವೆ ಹಚ್ಚಿ, ತಟ್ಟಿ, ಚಿಟಿಕೆಯಷ್ಟು ಕಿತ್ತು, ಮತ್ತೆ ತಟ್ಟಿ ನೋಡುತ್ತಾರೆ. ಬಲಗಡೆಯನ್ನು ಕಲ್ಲಿನಿಂದ ಅಂಚಿಗೆ ಹೊಡೆಯುತ್ತ ಶ್ರುತಿಗೆ ತರುತ್ತಾರೆ. ಸಂಜೆಯ ತೇವ ಏರಿದರೆ ನಡುವೆ ಮತ್ತೆ ಹೊಡೆಯಬೇಕು. ಘಟವನ್ನಂತೂ ಹಾಗೆ ಏರಿಸಿ ಇಳಿಸುವಂತಿಲ್ಲವಾದ್ದರಿಂದ ಗಾಯಕರ ಶ್ರುತಿಗೆ ಹೊಂದುವ ಘಟವನ್ನೇ ಮನೆಯಿಂದ ಹೊತ್ತು ತರಬೇಕು. ಆಟೋದಲ್ಲಿ ತೊಡೆಯ ಮೇಲೆ ಘಟವನ್ನು ಮಗುವಿನಂತೆ ಹಿಡಿದುಕೊಂಡು ಬರುವವರಿಗೆ, "ಇವತ್ತು ನಿಮ್ಮದು ಬೇಡ, ಖರ್ಚು ಜಾಸ್ತಿಯಾಯಿತು" ಎಂದು ಹೇಳಿದ ಆ 2018ರ ಫೋನು ಕರೆಯನ್ನು ನೆನೆದರೆ ಇಂದಿಗೂ ಮನಸ್ಸು ಮುದುಡುತ್ತದೆ.

ಇಷ್ಟೆಲ್ಲ ಆದ ಮೇಲೂ ನಮ್ಮ ಉತ್ಸವ ಎಲ್ಲರಿಗೂ ಲಾಭದ ವ್ಯವಹಾರವೆಂದು ನಾನು ಹೇಳಲಾರೆ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮೂರು ಗಂಟೆ ಕೂರುವುದು ಬೆನ್ನುನೋವಿನವರಿಗೆ ಕಷ್ಟ. ಸೊಳ್ಳೆಗಳಿವೆ; ಪಕ್ಕದ ರಸ್ತೆಯ ಹಾರ್ನು ಆಲಾಪನೆಯ ನಡುವೆ ನುಗ್ಗುತ್ತದೆ. ಧ್ವನಿವರ್ಧಕಕ್ಕೆ ರಾತ್ರಿ ಹತ್ತರ ನಂತರ ನಿಷೇಧವಿರುವುದರಿಂದ ಒಂಬತ್ತೂವರೆಗೆ ಮಂಗಳ ಹಾಡಲೇಬೇಕು. ಒಂದು ವರ್ಷ ಅಶ್ವಿನಿ ಮಳೆ ಶಾಮಿಯಾನದ ಹೊಟ್ಟೆಯಲ್ಲಿ ತುಂಬಿಕೊಂಡು, ನಾವು ಬಿದಿರುಗಳಿಂದ ನೀರನ್ನು ಎತ್ತಿ ಚೆಲ್ಲುತ್ತಿರುವಾಗಲೇ ಕಚೇರಿಯನ್ನು ಶಾಲೆಯ ಒಳಗಿನ ಹಜಾರಕ್ಕೆ ಸಾಗಿಸಬೇಕಾಯಿತು. ಅಲ್ಲಿ ಮೈಕಿಲ್ಲದೆ, ನೆಲದ ಮೇಲೆ ಎಂಬತ್ತು ಜನ ಒತ್ತಿ ಕುಳಿತು ಕೇಳಿದೆವು. ಅದು ನನ್ನ ಬದುಕಿನ ಒಳ್ಳೆಯ ಕಚೇರಿಗಳಲ್ಲೊಂದು, ಆದರೆ ಜಾಗ ಸಾಲದೆ ಮನೆಗೆ ಮರಳಿದವರು ಎಷ್ಟೋ ಮಂದಿ. ಅವರಿಗೆ ಆ ದಿನದ 60 ರೂಪಾಯಿಯನ್ನು ಮರುದಿನ ಹಿಂದಿರುಗಿಸಿದೆವು.

ಲಾಭ ಯಾರಿಗೆಂದರೆ, ಏಳು ದಿನವೂ ಬರುವವರಿಗೆ. ಆರಂಭದ ವರ್ಣದಿಂದ ಕೊನೆಯ ದೇವರನಾಮದವರೆಗೆ ಇಡೀ ಕಚೇರಿಯನ್ನು ಏಳು ಸಲ, ಏಳು ಬೇರೆ ಕಂಠಗಳಲ್ಲಿ, ಸಾಲುಸಾಲಾಗಿ ಕೇಳಿದಾಗ ಕಿವಿಗೆ ಒಂದು ಹದ ಬರುತ್ತದೆ. ಸೋಮವಾರ ಕೇಳಿದ ತೋಡಿ ರಾಗವನ್ನು ಗುರುವಾರ ಇನ್ನೊಬ್ಬರು ಬೇರೆಯೇ ದಾರಿಯಿಂದ ಹತ್ತಿದರೆ, ಶಾಸ್ತ್ರ ಓದದವರಿಗೂ ವ್ಯತ್ಯಾಸ ಗೊತ್ತಾಗುತ್ತದೆ. ನಡೆದು ಬಂದು ನಡೆದು ಹೋಗುವಷ್ಟು ಹತ್ತಿರವಿರುವುದರಿಂದಲೇ ಇದು ಸಾಧ್ಯ. ನಗರದ ಇನ್ನೊಂದು ತುದಿಯಿಂದ ಬರುವವರಿಗೆ, ಎರಡು ಕಿಲೋಮೀಟರಿಗೆ 36 ರೂಪಾಯಿಯಿಂದ ಶುರುವಾಗುವ ಆಟೋ ದರದಲ್ಲಿ, ಏಳು ಸಂಜೆಯ ಓಡಾಟವೇ ಟಿಕೆಟ್ಟಿನ ಹಲವು ಪಟ್ಟಾಗುತ್ತದೆ. ಅಂಥವರು ಕೇಳಿದರೆ, ನಿಮ್ಮ ಮನೆಯ ಬಳಿಯ ಉತ್ಸವಕ್ಕೆ ಹೋಗಿ ಎಂದೇ ನಾನು ಹೇಳುತ್ತೇನೆ. ಅಲ್ಲಿನ ಟಿಕೆಟ್ಟು ಕೊಳ್ಳುವ ಮೊದಲು ಮೊದಲ ದಿನ ಬಿಡಿ ಟಿಕೆಟ್ಟಿನಲ್ಲಿ ಹೋಗಿ, ತನಿ ಆವರ್ತನದ ಹೊತ್ತಿಗೆ ಕೊನೆಯ ಸಾಲಿನ ಹಿಂದೆ ನಿಲ್ಲಿ. ಮೃದಂಗದ ಎಡಗಡೆ ನಿಮ್ಮನ್ನು ತಲುಪಿದರೆ ಉಳಿದ ಆರು ದಿನಕ್ಕೂ ದುಡ್ಡು ಕೊಡಬಹುದು.

ಕಾಂಪೌಂಡ್ ಗೋಡೆಯ ಪಕ್ಕದ ಕಲ್ಲುಬೆಂಚುಗಳಿಗೆ ನಾವು ಟಿಕೆಟ್ಟು ಇಟ್ಟಿಲ್ಲ. ಹೂವು ಮಾರುವವರು, ಅಂಗಡಿ ಮುಚ್ಚಿ ಬರುವವರು, ಪಾಠ ಮುಗಿಸಿ ಪುಸ್ತಕ ಹಿಡಿದು ರಾಗದ ಹೆಸರು ಬರೆದುಕೊಳ್ಳುವ ಮಕ್ಕಳು ಅಲ್ಲಿ ಕೂರುತ್ತಾರೆ, ಪಾನಕವೂ ಅವರಿಗೆ ಅದೇ ಹಂಡೆಯದು.

ಮುಂದಿನ ಚೈತ್ರಕ್ಕೆ ಪೂರ್ತಿ ಟಿಕೆಟ್ಟನ್ನು 400 ಮಾಡಬೇಕೆಂದು ನಿಶ್ಚಯಿಸಿದ್ದೇವೆ. ಆರು ಜನರಲ್ಲಿ ಇಬ್ಬರು ಒಪ್ಪಿರಲಿಲ್ಲ. ಹಿಂದಿನಷ್ಟೇ 160 ಟಿಕೆಟ್ಟು ಹೋದರೂ ಹೆಚ್ಚುವರಿಯಾಗಿ ಬರುವ 16,000 ರೂಪಾಯಿಯಲ್ಲಿ ಘಟ, ಖಂಜಿರದವರ ಸಂಭಾವನೆಯನ್ನು ದಿನಕ್ಕೆ 5,000ಕ್ಕೆ ಏರಿಸಿ, ಮೃದಂಗ, ಪಿಟೀಲಿಗೆ ಸಮ ಮಾಡಬಹುದೆಂದು ಪುಸ್ತಕ ತೆರೆದು ತೋರಿಸಿದ ಮೇಲೆ ಒಪ್ಪಿದರು. ನಾಲ್ಕನೆಯ ಸಾಲಿನ ಅಮ್ಮನವರಿಗೆ ಈಗ ಎಂಬತ್ತೆಂಟು. ಬೆಲೆ ಏರುವ ವಿಷಯವನ್ನು ಅವರ ಮನೆಗೆ ಹೋಗಿ ತಿಳಿಸಿದೆ. ಸೆರಗಿನ ಗಂಟು ಬಿಚ್ಚಿ ನಾಲ್ಕು ನೋಟುಗಳನ್ನು ಆಗಲೇ ಎಣಿಸಿ ಕೊಟ್ಟು, "ಕುರ್ಚಿ ಮಾತ್ರ ಅದೇ ಇರಲಿ" ಎಂದರು. ರಸೀತಿ ಪುಸ್ತಕ ಇನ್ನೂ ಅಚ್ಚಾಗಿ ಬಂದಿರಲಿಲ್ಲ. ಕಾಗದದ ಮೇಲೆ ಕೈಬರಹದಲ್ಲಿಯೇ ಮೊದಲ ರಸೀತಿ ಬರೆದುಕೊಟ್ಟು ಬಂದೆ.