ಜರ್ಮನಿಗೆ ಹೊರಡುವ ಮುಂಚೆ ಟೊರೆಂಟ್ ತೆಗೆದುಹಾಕಿ

ವೀಸಾ, ಬ್ಲಾಕ್ಡ್ ಅಕೌಂಟ್, ಮನೆ ಹುಡುಕಾಟ ಎಲ್ಲ ನಿಮಗೆ ಗೊತ್ತೇ ಇರುತ್ತದೆ. ನಾನು ಹೇಳಬೇಕಾದ ವಿಷಯ ಒಂದೇ: ಲ್ಯಾಪ್‌ಟಾಪ್‌ನಲ್ಲಿರುವ ಟೊರೆಂಟ್, ಅಂದರೆ ಸಿನಿಮಾ ಇಳಿಸಿಕೊಳ್ಳುತ್ತಲೇ ಬೇರೆಯವರಿಗೂ ಹಂಚುವ ಸಾಫ್ಟ್‌ವೇರ್, ತೆಗೆದುಹಾಕಿ ಹೊರಡಿ.

ಕಳೆದ ತಿಂಗಳು ವಿಜಯನಗರದ ನಮ್ಮ ಎದುರುಮನೆ ಹುಡುಗಿ ಡ್ರೆಸ್ಡನ್‌ನಿಂದ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಅತ್ತಳು. "ಅಂಕಲ್, ಲಾಯರ್ ನೋಟಿಸ್ ಬಂದಿದೆ. 900 ಯೂರೋ ಕೇಳ್ತಿದಾರೆ. ಇಲ್ಲಿಗೆ ಬಂದ ಮೇಲೆ ನಾನು ಒಂದು ಸಿನಿಮಾನೂ ಡೌನ್‌ಲೋಡ್ ಮಾಡಿಲ್ಲ." 2014ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ನಾನೂ ಇದೇ ಮಾತು ಹೇಳಿದ್ದೆ.

ಅವಳು ಸುಳ್ಳು ಹೇಳಲಿಲ್ಲ. ಸಿನಿಮಾ ಇಳಿಸಿಕೊಂಡಿದ್ದು ಬೆಂಗಳೂರಿನಲ್ಲೇ. ಆದರೆ ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಟೊರೆಂಟ್ ತಾನಾಗಿ ಶುರುವಾಗಿ, ಹಳೆಯ ಫೈಲುಗಳನ್ನು ಊರಿಗೆಲ್ಲ ಹಂಚುತ್ತಾ ಕೂತಿರುತ್ತಿತ್ತು. ಜರ್ಮನಿಯಲ್ಲಿ ದೊಡ್ಡ ತಪ್ಪು ಈ ಹಂಚಿಕೆಯೇ. ಸಿನಿಮಾದವರ ಪರವಾಗಿ ಕೆಲಸ ಮಾಡುವ ಕಂಪನಿಗಳು ಅದೇ ಫೈಲಿನ ಹಂಚಿಕೆಗೆ ಸೇರಿಕೊಂಡು, ಯಾವ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ಎಷ್ಟು ಗಂಟೆಗೆ ಹಂಚಿತು ಅಂತ ಬರೆದಿಡುತ್ತವೆ. ಕೋರ್ಟಿನ ಆದೇಶ ತಂದು ಇಂಟರ್ನೆಟ್ ಕಂಪನಿಯಿಂದ ನಿಮ್ಮ ಹೆಸರು ಪಡೆಯುತ್ತವೆ. ಆಮೇಲೆ ಬರುವ ಲಾಯರ್ ನೋಟಿಸಿನ ಕಾಗದಕ್ಕೆ ಅಬ್‌ಮಾನುಂಗ್ ಅನ್ನುತ್ತಾರೆ.

ಆ ಕಾಗದದ ಜೊತೆ ಒಂದು ಫಾರ್ಮ್ ಇರುತ್ತದೆ. ನಾನು ಮುಳುಗಿದ್ದು ಅಲ್ಲೇ. "ಇನ್ನು ಮುಂದೆ ಹೀಗೆ ಮಾಡುವುದಿಲ್ಲ, ಮಾಡಿದರೆ ದಂಡ ಕೊಡುತ್ತೇನೆ" ಎಂಬ ಮುಚ್ಚಳಿಕೆ ಅದು. ಹೆದರಿ ಅದೇ ದಿನ ಸಹಿ ಹಾಕಿ ಪೋಸ್ಟ್ ಮಾಡಿದೆ. ತಪ್ಪು ನನ್ನದು, ಕೇಳಿದಷ್ಟು ಹಣ ಕೊಡುತ್ತೇನೆ ಅಂತಲೂ ಅದರಲ್ಲಿ ಒಪ್ಪಿಕೊಂಡಿದ್ದೆ. 800 ಯೂರೋಗೂ ಜಾಸ್ತಿ ಹೋಯಿತು. ಆಗ ಅದು ನನ್ನ ಎರಡು ತಿಂಗಳ ಬಾಡಿಗೆ. ಇನ್ನೊಂದು ಮಾತು: ಆ ಸಹಿ ಜೀವನಪೂರ್ತಿ ಕಟ್ಟಿಹಾಕುತ್ತದೆ.

ದಯವಿಟ್ಟು ಅವರ ಫಾರ್ಮಿಗೆ ಹಾಗೇ ಸಹಿ ಹಾಕಬೇಡಿ. ಸುಮ್ನೆ ಮೂಲೆಗೂ ಎಸೆಯಬೇಡಿ. ಗಡುವು ಒಂದೆರಡು ವಾರದೊಳಗೇ ಇರುತ್ತದೆ. ಅದು ದಾಟಿದರೆ ಅವರು ಕೋರ್ಟಿನಿಂದ ತಡೆಯಾಜ್ಞೆ ತರಬಹುದು, ಆ ಖರ್ಚು ಇನ್ನೂ ಹೆಚ್ಚು. ಅಲ್ಲಿ ನೀವಿರುವ ಊರಿನ ಫೆರ್‌ಬ್ರೌಹರ್‌ಜೆಂಟ್ರಾಲೆಗೆ, ಅಂದರೆ ಗ್ರಾಹಕರ ಸಲಹಾ ಕೇಂದ್ರಕ್ಕೆ ಹೋಗಿ. ತಪ್ಪು ಒಪ್ಪಿಕೊಳ್ಳದೆ, ಹಣದ ಮಾತು ಸೇರಿಸದೆ ತಿದ್ದಿದ ಮುಚ್ಚಳಿಕೆ ಕಳಿಸಬಹುದು. ಅದೂ ಜೀವನಪೂರ್ತಿ ಕಟ್ಟಿಹಾಕುತ್ತದೆ, ಆದರೆ ಹಣದ ಬಗ್ಗೆ ಚೌಕಾಸಿಗೆ ದಾರಿ ಉಳಿಯುತ್ತದೆ. ಆದಾಯ ಕಡಿಮೆ ಇದ್ದರೆ ಸ್ಥಳೀಯ ಕೋರ್ಟಿನಲ್ಲಿ ವಕೀಲರ ಸಲಹೆಗೆ ನೆರವಿನ ಚೀಟಿ ಕೇಳಿ. ಸಿಕ್ಕರೆ ವಕೀಲರಿಗೆ ನೀವು ಕೊಡಬೇಕಾದದ್ದು 15 ಯೂರೋ.

ಶೇರಿಂಗ್ ಮನೆಯಾದರೆ ವೈಫೈ ಯಾರ ಹೆಸರಿನಲ್ಲಿದೆಯೋ ಅವರಿಗೇ ಕಾಗದ ಬರುತ್ತದೆ. ಬೇರೆ ಯಾರು ಬಳಸುತ್ತಿದ್ದರು ಅಂತ ಹೇಳಬೇಕಾದವರೂ ಅವರೇ.

ನಮ್ಮ ಕಾನೂನೇನು ಮೃದುವಲ್ಲ. 1957ರ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್‌ನಲ್ಲಿ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಇದೆ. ಕರ್ನಾಟಕದಲ್ಲಂತೂ 2014ರಲ್ಲಿ ಇದನ್ನು ಗೂಂಡಾ ಕಾಯ್ದೆಯೊಳಗೂ ತಂದರು. ಆದರೆ ಪೊಲೀಸರು ಹಿಡಿಯುವುದು ಮಾರುವವರನ್ನು. ಮನೆಯಲ್ಲಿ ಕೂತು ನೋಡುವವರ ಬಾಗಿಲು ಯಾರೂ ತಟ್ಟುವುದಿಲ್ಲ, ಅಲ್ವಾ? ಆ ಅಭ್ಯಾಸವನ್ನೇ ಸೂಟ್‌ಕೇಸಿನಲ್ಲಿ ಒಯ್ಯುತ್ತೇವೆ.

ಎರಡು ದೇಶಗಳ ಕಾನೂನಿನಲ್ಲಿ ಯಾವುದು ಮೇಲು? ಸಣ್ಣ ಕನ್ನಡ ಸಿನಿಮಾ ಬಿಡುಗಡೆಯಾದ ದಿನವೇ ಲೀಕ್ ಆದರೆ ನನಗೆ ಹೊಟ್ಟೆ ಉರಿಯುತ್ತದೆ. ದುಡಿದವರಿಗೆ ದುಡ್ಡು ಸೇರಬೇಕು ಅನ್ನುವುದರಲ್ಲಿ ಜರ್ಮನಿಯೇ ಸರಿ. ಅಲ್ಲಿ ಪೆನ್‌ಡ್ರೈವ್, ಪ್ರಿಂಟರ್ ಬೆಲೆಯಲ್ಲೇ ಲೇಖಕರ, ಕಲಾವಿದರ ಪಾಲು ಸೇರಿರುತ್ತದೆ. ಆದರೆ ಏನೂ ತಿಳಿಯದ ವಿದ್ಯಾರ್ಥಿಗೆ ಮೊದಲ ಕಾಗದದಲ್ಲೇ 900 ಯೂರೋ ಕೇಳುವುದು ಅನ್ಯಾಯ. ಓದುವ ಮಕ್ಕಳ ವಿಷಯದಲ್ಲಿ ನಮ್ಮದೇ ವಾಸಿ. ಪಾಠಕ್ಕೆ ಬೇಕಾದ ಪುಟಗಳ ಜೆರಾಕ್ಸ್ ತಪ್ಪಲ್ಲ ಅಂತ ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿತು. ಜರ್ಮನಿಯಲ್ಲಿ ತರಗತಿಗೆ ಹಂಚಲು ಸಾಮಾನ್ಯವಾಗಿ ಪುಸ್ತಕದ ಶೇ 15ರಷ್ಟಕ್ಕೆ ಮಾತ್ರ ಅವಕಾಶ.

ಹಾಂ, ಜರ್ಮನಿಯ ಕನ್ನಡ ಸಂಘದವರೇ, ರಾಜ್ಯೋತ್ಸವದ ಪೋಸ್ಟರ್‌ಗೆ ಗೂಗಲ್‌ನಿಂದ ಫೋಟೊ ಎತ್ತಬೇಡಿ. ಫೋಟೊಗೂ ಇದೇ ಕಾಗದ ಬರುತ್ತದೆ. ನೀವೇ ತೆಗೆದ ಫೋಟೊ ಹಾಕಿ.

ಎದುರುಮನೆ ಹುಡುಗಿ ಪುಣ್ಯಕ್ಕೆ ಸಹಿ ಹಾಕಿರಲಿಲ್ಲ. ತಿದ್ದಿದ ಮುಚ್ಚಳಿಕೆ ಗಡುವಿಗೆ ಎರಡು ದಿನ ಮುಂಚೆ ತಲುಪಿತು. ಹಣದ ಮಾತುಕತೆ ಇನ್ನೂ ನಡೆಯುತ್ತಿದೆ.